ಸರ್ವರಿನ ಗಡಿಯಾರ: ಹೊಸದರ ಸ್ಥಾಪನೆ, ಹಳೆಯದರ ನಿವಾರಣೆ

ಬೆಳಗಾವಿಯ ಮಗ್ಗುಲಲ್ಲಿರುವ ಹಿಂಡಲಗಾದಲ್ಲಿ ನೆಟ್ಟ ಕೋಲಿನ ನೆರಳು ಅತ್ಯಂತ ಗಿಡ್ಡವಾಗುವ ಹೊತ್ತಿಗೆ ನಮ್ಮ ಕೈಗಡಿಯಾರವು, ವರ್ಷದ ಸರಾಸರಿಯಲ್ಲಿ, ಸುಮಾರು 12 ಗಂಟೆ 32 ನಿಮಿಷವನ್ನು ತೋರಿಸುತ್ತದೆ. ಭಾರತೀಯ ಪ್ರಮಾಣ ವೇಳೆಯು ಪೂರ್ವ ರೇಖಾಂಶ 82½ ಡಿಗ್ರಿಗೆ ಹೊಂದಿಕೊಂಡಿದ್ದು, ಈ ಊರು ಅದರಿಂದ ಸುಮಾರು 8 ಡಿಗ್ರಿ ಪಶ್ಚಿಮಕ್ಕಿರುವುದೇ ಇದಕ್ಕೆ ಕಾರಣ; ಡಿಗ್ರಿಯೊಂದಕ್ಕೆ 4 ನಿಮಿಷ. ಈ ಪ್ರಮಾಣ ವೇಳೆಯು 1906ರ ಜನವರಿ 1ರಂದು ಜಾರಿಗೆ ಬಂದಿತು. ಆದರೆ ಬೆಳಗಾವಿಯು ಅಂದು ಸೇರಿದ್ದ ಪ್ರಾಂತದ ರಾಜಧಾನಿಯಾದ ಮುಂಬಯಿಯಲ್ಲಿ, ಅದಕ್ಕಿಂತ 39 ನಿಮಿಷ ಹಿಂದಿದ್ದ ‘ಮುಂಬಯಿ ವೇಳೆ’ಯ ಬಳಕೆ 1955ರ ವರೆಗೂ ಸಂಪೂರ್ಣವಾಗಿ ನಿಲ್ಲಲಿಲ್ಲ. ಹೊಸದು ಬಂದರೂ ಹಳೆಯದು ಹೋಗಲಿಲ್ಲ. ಆ ಅವಧಿಯ ಮುಂಬಯಿಯ ಕಾಗದವೊಂದರಲ್ಲಿ ‘ಬೆಳಿಗ್ಗೆ ಹತ್ತು ಗಂಟೆ’ ಎಂದಿದ್ದರೆ, ಯಾವ ಹತ್ತು ಎಂದು ಕೇಳದೆ ಇತಿಹಾಸಕಾರನು ಮುಂದುವರಿಯುವಂತಿಲ್ಲ.

ಇದೇ ಪ್ರಶ್ನೆ ಈಗ ನಮ್ಮ ಕಾಲೇಜುಗಳ ಸರ್ವರುಗಳಲ್ಲಿಯೂ ಏಳುತ್ತದೆ. ದಾಖಲೆಯ ಡಿಜಿಟಲ್ ಪ್ರತಿಯನ್ನು ಯಾರು ಯಾವಾಗ ಸೇರಿಸಿದರು, ಯಾರು ತಿದ್ದಿದರು ಎಂಬುದಕ್ಕೆ ಸರ್ವರು ಬರೆದಿಡುವ ಕಾಲವೇ ಸಾಕ್ಷಿ. ಯಂತ್ರದೊಳಗಿನ ಸ್ಫಟಿಕವು ಲಕ್ಷಕ್ಕೆ ಒಂದಂಶದಷ್ಟು ತಪ್ಪಿದರೂ ತಿಂಗಳಿಗೆ ಸುಮಾರು 26 ಸೆಕೆಂಡುಗಳ ಅಂತರ ಬೀಳುತ್ತದೆ. ಇದನ್ನು ಸರಿಪಡಿಸುವ ಎನ್‌ಟಿಪಿ ಎಂಬ ನಿಯಮಾವಳಿಯನ್ನು ಅಮೆರಿಕದ ಡೇವಿಡ್ ಮಿಲ್ಸ್ ಅವರು ರೂಪಿಸಿ 1985ರಲ್ಲಿ ಪ್ರಕಟಿಸಿದರು. ಪ್ರಶ್ನೆ ಹೊರಟ, ತಲುಪಿದ, ಉತ್ತರ ಹೊರಟ, ಮರಳಿ ಮುಟ್ಟಿದ ನಾಲ್ಕು ಕ್ಷಣಗಳನ್ನು ಹಿಡಿದು, ದಾರಿಯಲ್ಲಿ ಕಳೆದ ವೇಳೆಯನ್ನು ಲೆಕ್ಕಕ್ಕೆ ತಂದು, ಗಡಿಯಾರದ ದೋಷವನ್ನು ಅದು ಕಂಡುಹಿಡಿಯುತ್ತದೆ.

ಲಿನಕ್ಸ್ ಸರ್ವರುಗಳಲ್ಲಿ ಈ ಕಾರ್ಯಕ್ಕೆ ಹಳೆಯ ಎನ್‌ಟಿಪಿಡಿ, ಈಚಿನ ಕ್ರೋನಿ ಮೊದಲಾದ ತಂತ್ರಾಂಶಗಳಿವೆ. ಇವುಗಳಲ್ಲಿ ಒಂದೇ ಇರತಕ್ಕದ್ದು. ಎರಡು ಏಕಕಾಲದಲ್ಲಿ ಗಡಿಯಾರವನ್ನು ತಿದ್ದತೊಡಗಿದರೆ ಒಂದರ ತಿದ್ದುಪಡಿ ಇನ್ನೊಂದಕ್ಕೆ ದೋಷವಾಗಿ ತೋರುತ್ತದೆ. ಆದ್ದರಿಂದ ಮೊದಲು ಹಳೆಯದನ್ನು ನಿಲ್ಲಿಸಿ, ತೆಗೆದುಹಾಕಿ, ಬಳಿಕ ಹೊಸದನ್ನು ಸ್ಥಾಪಿಸಬೇಕು. ಡೆಬಿಯನ್ ಬಗೆಯ ವ್ಯವಸ್ಥೆಗಳಲ್ಲಿ ಬರಿಯ ‘ರಿಮೂವ್’ ಆಜ್ಞೆಯು ಸಂಯೋಜನಾ ಕಡತವನ್ನು ಉಳಿಸಿಬಿಡುತ್ತದೆ. ಅದೂ ಹೋಗಬೇಕಾದರೆ ‘ಪರ್ಜ್’ ಎನ್ನಬೇಕು. ತಂತ್ರಾಂಶವನ್ನು ತೆಗೆದೊಡನೆ ಗಡಿಯಾರವೇನೂ ನಿಲ್ಲುವುದಿಲ್ಲ. ಅದು ಸದ್ದಿಲ್ಲದೆ ತಪ್ಪುತ್ತ ಹೋಗುತ್ತದೆ, ಅಪಾಯವಿರುವುದೂ ಅಲ್ಲಿಯೇ.

ಯಾರ ವೇಳೆಯನ್ನು ಅನುಸರಿಸಬೇಕು? 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ರಾಷ್ಟ್ರೀಯ ಮಾಹಿತಿ ಕೇಂದ್ರ ಮತ್ತು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಗಳ ವೇಳೆಯ ಸರ್ವರುಗಳನ್ನು ಹೆಸರಿಸಿದೆ. ಇವುಗಳಿಂದ ಬರುವುದು ಜಾಗತಿಕ ವೇಳೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿ ತೋರಿಸುವುದು ನಮ್ಮ ಯಂತ್ರದ ಕೆಲಸ. ಗಡಿಯಾರವು ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಮೊದಲು ಪರೀಕ್ಷಿಸಬೇಕಾದುದು ವಲಯವನ್ನು, ತಂತ್ರಾಂಶವನ್ನಲ್ಲ.

ಸ್ಥಾಪನೆಯ ತರುವಾಯ ‘ಕ್ರೋನಿಸಿ ಟ್ರ್ಯಾಕಿಂಗ್’ ಎಂಬ ಆಜ್ಞೆಯನ್ನು ಕೊಟ್ಟು ಉಳಿದಿರುವ ಅಂತರವನ್ನು ನೋಡಬಹುದು. ಕ್ರೋನಿಯು ಸಾಮಾನ್ಯವಾಗಿ ಗಡಿಯಾರದ ನಡೆಯನ್ನೇ ಕೊಂಚ ನಿಧಾನಿಸಿ ಅಥವಾ ಚುರುಕುಗೊಳಿಸಿ ಸಣ್ಣ ದೋಷವನ್ನು ಕಳೆಯುತ್ತದೆ. ದೊಡ್ಡ ದೋಷವಾದರೆ ಪ್ರಾರಂಭದಲ್ಲಿ ಒಮ್ಮೆಲೇ ನೆಗೆಯಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಹಿಂದಕ್ಕೆ ನೆಗೆದಾಗ, ಆಮೇಲೆ ನಡೆದ ತಿದ್ದುಪಡಿ ಮೊದಲೇ ನಡೆದಂತೆ ದಾಖಲಾಗುವುದುಂಟು. ಆದುದರಿಂದ ಬದಲಾವಣೆ ಮಾಡಿದ ದಿನ, ಗಂಟೆ ಹಾಗೂ ಆಗ ಕಂಡ ಅಂತರ, ಇವನ್ನು ಸರ್ವರಿನಲ್ಲಲ್ಲದೆ ವಿಭಾಗದ ಕಾಗದದ ವಹಿಯಲ್ಲಿಯೂ ಬರೆದಿಡುವುದು ಯುಕ್ತ.