ಕೆನ್ನೀರಿನ ಲೆಕ್ಕ

ಇಳಿಜಾರಿಗೆ ಅಡ್ಡವಾಗಿ ತೆಗೆದ ತೊಟ್ಟಿಲು ಗುಂಡಿ ಕಾಫಿ ತೋಟದಲ್ಲಿ ಏನು ಮಾಡುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಓಡುವ ನೀರು ಅದರಲ್ಲಿ ನಿಂತು, ಮಣ್ಣನ್ನು ಕೆಳಗಿಳಿಸಿ ಮುಂದೆ ಹೋಗುತ್ತದೆ. ತೆರೆದ ಗಣಿಯ ಹೂಳು ಕೊಳದ ಕೆಲಸವೂ ಇದೇ.

ಕೊಳದ ಗುಟ್ಟು ಇರುವುದು ಕಣದ ಗಾತ್ರದಲ್ಲಿ. 1851ರಲ್ಲಿ ಜಾರ್ಜ್ ಸ್ಟೋಕ್ಸ್ ತೋರಿಸಿದ ನಿಯಮದಂತೆ ಕಣದ ಅಗಲ ಹತ್ತು ಪಟ್ಟು ಕಿರಿದಾದರೆ ಅದು ನೀರಿನಲ್ಲಿ ಇಳಿಯುವ ವೇಗ ನೂರು ಪಟ್ಟು ಕುಗ್ಗುತ್ತದೆ. ಎರಡು ಮೀಟರ್ ಆಳದ ನಿಂತ ನೀರಿನಲ್ಲಿ 0.1 ಮಿ.ಮೀ. ಮರಳು ಸುಮಾರು ನಾಲ್ಕು ನಿಮಿಷಕ್ಕೆ ತಳ ಸೇರುತ್ತದೆ. 0.01 ಮಿ.ಮೀ. ಹೂಳಿಗೆ ಆರು ಗಂಟೆ ಬೇಕು. 0.001 ಮಿ.ಮೀ. ಜೇಡಿಗೆ ಮೂರು ವಾರ ದಾಟುತ್ತದೆ. ನದಿಯನ್ನು ಕೆಂಪಾಗಿಸುವುದು ಈ ಕೊನೆಯದೇ. ಅದಕ್ಕಾಗಿಯೇ ಕೆಲವು ಗಣಿಗಳಲ್ಲಿ ಪಟಿಕದಂಥ ಲವಣ ಬೆರೆಸಿ ಕಣಗಳನ್ನು ಗಂಟುಕಟ್ಟಿಸುತ್ತಾರೆ.

ಇನ್ನೊಂದು ಲೆಕ್ಕ ಮಳೆಯದು. 10 ಹೆಕ್ಟೇರ್ ಬರಿನೆಲದ ಮೇಲೆ 100 ಮಿ.ಮೀ. ಸುರಿದರೆ ಅದು ಒಂದು ಕೋಟಿ ಲೀಟರ್ ನೀರು. ಇಡೀ ದಿನ ಹನಿದರೆ ಕೊಳ ತಾಳಿಕೊಳ್ಳುತ್ತದೆ. ಎರಡೇ ಗಂಟೆಯಲ್ಲಿ ಬಂದರೆ ನೀರಿಗೆ ನಿಲ್ಲಲು ಸಮಯವೇ ಇಲ್ಲ, ತಳದ ಹೂಳೂ ಎದ್ದು ಹೊರಡುತ್ತದೆ.

ಕಳಸದ ನೆರೆಯ ಕುದುರೆಮುಖದಲ್ಲಿ ಈ ಎರಡೂ ಕಷ್ಟ ಒಟ್ಟಿಗೇ ಇದ್ದವು. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿ ಗಣಿಗಾರಿಕೆ ನಡೆಸಿದ್ದು ವರ್ಷಕ್ಕೆ 6000 ಮಿ.ಮೀ. ದಾಟುವ ಮಳೆಯ ಭದ್ರೆಯ ಹುಟ್ಟುನೆಲದಲ್ಲಿ. ಅದಿರು ಬೇರ್ಪಡಿಸಿ ಉಳಿದ ರಾಡಿಯನ್ನು ಹಿಡಿಯಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಬಂತು. ಅಗೆದ ಗುಡ್ಡದ ಮೈಯಿಂದ ಇಳಿಯುವ ಮಳೆನೀರಿನದು ಬೇರೆಯೇ ದಾರಿ. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇದು: ಜಲಾನಯನದಲ್ಲಿ ಗಣಿಯ ನೆಲ ತೀರಾ ಸಣ್ಣ ಭಾಗ, ಆದರೆ ನದಿ ಹೊತ್ತ ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಗಣಿ ನಿಂತರೂ ಲೆಕ್ಕ ನಿಲ್ಲುವುದಿಲ್ಲ. ಎಷ್ಟು ನೀರು, ಎಷ್ಟು ಹೂಳು ಬರುತ್ತದೆಂದು ಅಂದಾಜಿಸುವ ಗಣಿಯ ಕೊಳದ ಮಾದರಿಯನ್ನು ಕಂಪ್ಯೂಟರಿನಲ್ಲಿ ಒಮ್ಮೆ ಕೂಡಿಸಿಟ್ಟು ಮರೆಯುವುದು ಯಾವುದೇ ಗಣಿಗೆ ಅಪಾಯ. ಗುಂಡಿ ಅಗಲವಾದಂತೆ ನೀರಿನ ಹಾದಿ ಬದಲಾಗುತ್ತದೆ, ಮಣ್ಣಿನ ಗುಡ್ಡೆ ಬೆಳೆದಂತೆ ಇಳಿಜಾರು ಬದಲಾಗುತ್ತದೆ, ಹುಲ್ಲು ಹಿಡಿದ ಕಡೆ ಹರಿವು ತಗ್ಗುತ್ತದೆ. ಕೊಳವಂತೂ ತನ್ನ ಕೆಲಸ ಮಾಡಿದಷ್ಟೂ ಹೂಳು ತುಂಬಿ ಕಿರಿದಾಗುತ್ತದೆ. ಆದ್ದರಿಂದ ಪ್ರತಿ ಬೇಸಿಗೆಯಲ್ಲಿ ನೆಲವನ್ನೂ ಕೊಳದ ಆಳವನ್ನೂ ಮತ್ತೆ ಅಳೆದು ಹೊಸ ಅಂಕಿ ಹಾಕಬೇಕು. ಮಳೆಯೂ ಹಿಂದಿನಂತೆ ಉಳಿದಿಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದದ್ದನ್ನು ಕಂಡವರಿಗೆ ಅದು ಗೊತ್ತು.

ಮಳೆಯ ಈ ಲೆಕ್ಕಕ್ಕೆ ತೋಟದವರಿಂದ ದೊಡ್ಡ ಉಪಕಾರ ಸಾಧ್ಯ. ನಮ್ಮ ಎಸ್ಟೇಟುಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಹಳೆಯ ಪುಸ್ತಕಗಳಿವೆ. ದಯವಿಟ್ಟು ಅವನ್ನು ಗೆದ್ದಲಿಗೆ ಬಿಡದೆ ಸಂಶೋಧಕರಿಗೆ ತೋರಿಸಿ. ಮುಂದಿನ ಜೋರು ಮಳೆಗೆ ಇಂಚಿನ ಜೊತೆ ಅದು ಶುರುವಾದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ಬರೆಯಿರಿ.