ಕಾಡುಕಿಚ್ಚನ್ನು ಸಹಿಸುವ ಮರಗಳು

ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿಯೂ ಬಿಳಿಗಿರಿರಂಗನ ಬೆಟ್ಟಗಳ ತಪ್ಪಲಲ್ಲಿಯೂ ಇರುವ ಒಣಕಾಡು ಮಲೆನಾಡಿನ ಕಾಡಿನಂತೆ ನಿತ್ಯಹಸುರಾದದ್ದಲ್ಲ. ಮಾಗಿ ಕಳೆಯುತ್ತಲೇ ಇಲ್ಲಿಯ ಮರಗಳು ಎಲೆಯುದುರಿಸುವವು. ಎತ್ತರದ ಹುಲ್ಲು ಒಣಗಿ ನಿಲ್ಲುವದು. ಆಗ ಒಂದು ಕಿಡಿ ಬಿದ್ದರೆ ಸಾಕು. 2019ನೆಯ ಇಸವಿಯ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಹೀಗೆಯೇ ಬೆಂದಿತು. ಆದರೂ ಇಂಥ ಕರಿನೆಲದಲ್ಲಿ ಮಳೆ ಬಿದ್ದೊಡನೆ ಚಿಗುರು ಕಾಣುವದು. ಇದು ಹೇಗೆಂಬದನ್ನು ಕೊಂಚ ವಿಚಾರಿಸೋಣ.

ಮರದ ಕಾಂಡವನ್ನು ಬೆಳೆಯಿಸುವ ಜೀವಪದರವು ತೊಗಟೆಯ ಒಳಮೈಯಲ್ಲಿದೆ. ಅದು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದರೆ ಸಾಯುವದು. ಹೊರಗಣ ತೊಗಟೆಯಾದರೋ ಅದಕ್ಕೆ ಕಂಬಳಿಯ ಹೊದಿಕೆಯಂತಿದೆ. ತೊಗಟೆಯು ಇಮ್ಮಡಿ ದಪ್ಪವಾದರೆ ಶಾಖವು ಒಳಮುಟ್ಟಲು ಹೆಚ್ಚುಕಡಿಮೆ ನಾಲ್ಮಡಿ ಹೊತ್ತು ಬೇಕಾಗುವದು. ಹುಲ್ಲಿನ ಬೆಂಕಿಯು ಒಂದೆಡೆ ಬಹಳ ಹೊತ್ತು ನಿಲ್ಲದು. ಆದಕಾರಣ ಮೊಸಳೆಯ ಬೆನ್ನಿನಂತೆ ಬಿರಿದ ತೊಗಟೆಯುಳ್ಳ ದೊಡ್ಡ ಮತ್ತಿಮರವು ಹೊರಗೆ ಕರಿಯಾದರೂ ಒಳಗೆ ಬದುಕಿರುವದು.

ಎಳೆಯ ಗಿಡಗಳಿಗೆ ಇಂಥ ಹೊದಿಕೆಯಿಲ್ಲ. ಅವುಗಳ ಕಾಂಡ ಸುಟ್ಟುಹೋಗುವದು. ಆದರೆ ಮಣ್ಣು ತೊಗಟೆಗಿಂತಲೂ ಒಳ್ಳೆಯ ರಕ್ಷಕ. ಕೆಲವೇ ಅಂಗುಲ ಕೆಳಗೆ ಬೆಂಕಿಯ ಕಾವು ಅಷ್ಟಾಗಿ ತಟ್ಟದು. ತೇಗ, ಮುತ್ತುಗ, ತೂಬರೆ ಮೊದಲಾದವು ಬೇರುಗಳಲ್ಲಿ ಆಹಾರವನ್ನು ಕೂಡಿಟ್ಟು, ಮಲಗಿದ್ದ ಮೊಗ್ಗುಗಳಿಂದ ಮರಳಿ ಚಿಗುರುವವು.

ಈ ಸಹನೆಗೂ ಮಿತಿಯುಂಟು. ವರ್ಷವರ್ಷವೂ ಕಿಚ್ಚು ಬಂದರೆ ಬೇರಿನ ಬುತ್ತಿ ತೀರುವದು. ಸಸಿಯು ಜ್ವಾಲೆಗಿಂತ ಎತ್ತರಕ್ಕೆ ಏರಲಾರದು. ಹಳೆಯ ಮರಗಳು ನಿಂತಿರುವ ತನಕ ಕಾಡು ಕಾಡಾಗಿಯೇ ತೋರಿದರೂ ಅದು ಮಕ್ಕಳಿಲ್ಲದ ಮನೆಯಂತಾಗುವದು.

ಹಾಗಾದರೆ ಬೆಂಕಿಯನ್ನು ಸಂಪೂರ್ಣವಾಗಿ ತಡೆದರೆ ಸಾಕೋ? ಬಿಳಿಗಿರಿಯ ಸೋಲಿಗರು ಹಾಗೆಣಿಸುವದಿಲ್ಲ. ಅವರು ಹಿಂದೆ ಬೇಸಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿಯಿಡುತ್ತಿದ್ದರು; ಇದನ್ನು ತರಗುಬೆಂಕಿ ಎನ್ನುವರು. 1974ರಲ್ಲಿ ಆ ಬೆಟ್ಟಗಳು ವನ್ಯಧಾಮವಾದ ತರುವಾಯ ಈ ರೂಢಿಗೆ ತಡೆಯಾಯಿತು. ಆಮೇಲೆಯೇ ಲಾಂಟಾನವು ಹಬ್ಬಿತೆಂದೂ ನೆಲ್ಲಿಮರಗಳಿಗೆ ಬಂದಳಿಕೆ ಹೆಚ್ಚಿತೆಂದೂ ಅವರು ಹೇಳುತ್ತಾರೆ. ನೆಲ್ಲಿಕಾಯಿ ಅವರ ಜೀವನೋಪಾಯಗಳಲ್ಲೊಂದಾದ್ದರಿಂದ ಇದು ಅವರಿಗೆ ಅನ್ನದ ಮಾತು.

ಅಮೇರಿಕಾ ಖಂಡದಿಂದ ಬಂದ ಲಾಂಟಾನದ ಪೊದೆಗೆ ಕಿಚ್ಚು ತಗಲಿದರೆ ಅದು ನೆಲದಲ್ಲಿಯೇ ಹರಿಯದೆ ಮರದ ತಲೆಗೇರುವದು. ಅಲ್ಲದೆ ಲಾಂಟಾನವೂ ಸುಟ್ಟ ಬುಡದಿಂದ ಪುನಃ ಚಿಗುರುವದು. ಆದುದರಿಂದ ಹಿಂದೆ ಹಿತವಾಗಿದ್ದ ಬೆಂಕಿಯು ಇಂದು ಪೊದೆಯನ್ನು ಕಿತ್ತು ತೆಗೆಯದ ಹೊರತು ಹಿತವಾಗಲಾರದು.

ಬೆಂಕಿಯನ್ನು ಮಿತ್ರನೆಂದಾಗಲಿ ಶತ್ರುವೆಂದಾಗಲಿ ಒಂದೇ ಮಾತಿನಲ್ಲಿ ಹೇಳಲಾಗದು. ಯಾವ ಮಾಸದಲ್ಲಿ, ಎಷ್ಟು ವರ್ಷಗಳಿಗೊಮ್ಮೆ, ಯಾವ ಇಂಧನದ ಮೇಲೆ ಎಂಬ ಮೂರನ್ನೂ ನಾವು ಕೇಳತಕ್ಕದ್ದು. ಈ ಕಾಡುಗಳಲ್ಲಿ ಕಿಚ್ಚು ಬಹುಮಟ್ಟಿಗೆ ಮನುಷ್ಯರ ಕೈಯಿಂದಲೇ ಹುಟ್ಟುವದರಿಂದ ಉತ್ತರ ಕೊಡಬೇಕಾದವರೂ ನಾವೇ.