ತಪ್ಪು ಬೋರ್ ನೀರಿನದ್ದಲ್ಲ!

ಹಣೆಯ ಎರಡೂ ಮೂಲೆ ಹಿಂದೆ ಸರೀತಿದೆಯಾ? ನೆತ್ತಿ ಕಾಣ್ತಿದೆಯಾ? ನಮ್ಮ ಬಳ್ಳಾರಿಯ ಪಾರ್ವತಿನಗರದಲ್ಲಿ ಯಾರನ್ನಾದ್ರೂ ಕೇಳಿ: ಬಿಸಿಲು, ಬೋರ್ ನೀರು, ಹೆಲ್ಮೆಟ್ ಕಾರಣ ಅಂತಾರೆ.

ಗಡಸು ನೀರಿಗೆ ಕೂದಲು ಒರಟಾಗಬಹುದು. ಆದ್ರೆ ಗಂಡಸರ ಬೋಳುತಲೆಗೆ ಕಾರಣ ವಂಶವಾಹಿ, ಜೊತೆಗೆ ಡಿಎಚ್‌ಟಿ ಅನ್ನೋ ಹಾರ್ಮೋನು. ಅದು ಮುಂದಲೆ, ನೆತ್ತಿಯ ಕೂದಲ ಬುಡ ಕುಗ್ಗಿಸುತ್ತೆ. ಹಿಂದಲೆ ಕೂದಲು ಮಾತ್ರ ಗಟ್ಟಿ. ನೀರಿನ ತಪ್ಪಾಗಿದ್ರೆ ಅದೂ ಉದುರಬೇಕಿತ್ತಲ್ವಾ?

ಮುಖ್ಯ ಔಷಧಿ ಎರಡು.

ಒಂದು, ಮಿನಾಕ್ಸಿಡಿಲ್. ಮೊದಲು ಇದು ಬಿಪಿ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೀತು! 1988ರಲ್ಲಿ ತಲೆಗೆ ಹಚ್ಚೋ ದ್ರಾವಣಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟಿತು. ದಿನಕ್ಕೆರಡು ಸಲ, 1 ಎಂ.ಎಲ್., ಒಣ ತಲೆಗೆ. ಕೂದಲಿಗಲ್ಲ, ಚರ್ಮಕ್ಕೆ ಹಚ್ಚಿ. ಮೊದಲ ವಾರಗಳಲ್ಲಿ ಇನ್ನಷ್ಟು ಉದುರಬಹುದು, ಗಾಬರಿ ಬೇಡ.

ಎರಡು, ಫಿನಾಸ್ಟರೈಡ್, ದಿನಕ್ಕೆ 1 ಮಿ.ಗ್ರಾಂ. ಡಿಎಚ್‌ಟಿ ತಗ್ಗಿಸುತ್ತೆ. ಕೆಲವರಿಗೆ ಲೈಂಗಿಕ ತೊಂದರೆ, ಖಿನ್ನತೆ ಬರಬಹುದು. ಪುಡಿಯಾದ ಮಾತ್ರೆಯನ್ನ ಗರ್ಭಿಣಿಯರು ಮುಟ್ಟಬಾರದು. ಅದಕ್ಕೇ ಮೆಡಿಕಲ್ ಶಾಪಿಗೆ ನೇರ ಹೋಗಿ ಕೇಳಬೇಡಿ. ನಮ್ಮ ವಿಮ್ಸ್, ಅಂದ್ರೆ ಬಳ್ಳಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ.

ಫಲ ಕಾಣೋಕೆ ಸುಮಾರು 4ರಿಂದ 6 ತಿಂಗಳು ಬೇಕು. ನಿಲ್ಲಿಸಿದ್ರೆ ಬಂದ ಕೂದಲು ಮತ್ತೆ ಉದುರುತ್ತೆ. ಪೂರ್ತಿ ನುಣ್ಣಗಾದ ಜಾಗದಲ್ಲಿ ಔಷಧಿ ಹೆಚ್ಚೇನೂ ಮಾಡಲ್ಲ. ಶುರುವಲ್ಲೇ ಡಾಕ್ಟರ ಹತ್ರ ಹೋಗಿ.

ಔಷಧಿಯ ಗೊಡವೆಯೇ ಬೇಡ ಅಂದ್ರೆ? ಅದೂ ಸರಿನೇ. ಬೋಳುತಲೆಯಿಂದ ಜೀವಕ್ಕೇನೂ ಅಪಾಯವಿಲ್ಲ.